ಕಂಬಿ ಬಾರಿಸಿದ ಹೊತ್ತು

ಆ ಊರಿನ ಹೊಳೆಗೆ ದಿನಕ್ಕೊಂದು ಬಣ್ಣ. ಕೆಳಗಿನ ದಡದ ಬಣ್ಣಗಾರರು ನೂಲಿನ ಲಡಿಗಳನ್ನು ಹಂಡೆಯಲ್ಲಿ ಕುದಿಸಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಜಾಲಿಸುತ್ತಿದ್ದರು. ಕೆಂಪು ಅದ್ದಿದ ದಿನ ಹೊಳೆ ಕೆಂಪು, ನೀಲಿ ಅದ್ದಿದ ದಿನ ನೀಲಿ. ಮೇಲಿನ ಬೀದಿಯವರು ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಮೊದಲು ನೋಡುವುದು ಅದನ್ನೇ. ಮನೆಗೆ ಬಂದ ನೆಂಟರಿಗೂ ಕಾಫಿ ಕೊಡುವ ಮುಂಚೆ ತೋರಿಸುವುದು ಅದನ್ನೇ.

ಒಂದು ಕಾಲದಲ್ಲಿ ಆ ಊರಿಗೆ ದೋಣಿಗಳು ಬರುತ್ತಿದ್ದವು. ಹೊಳೆ ಅಲ್ಲಿ ದೊಡ್ಡ ತಿರುವು ತೆಗೆದುಕೊಂಡು ನಿಧಾನವಾಗುತ್ತಿದ್ದರಿಂದ ಧಾನ್ಯದ ದೋಣಿಗಳಿಗೆ ಅದೇ ತಂಗುದಾಣವಾಗಿತ್ತು. ದಡದ ಮೇಲೆ ಕಲ್ಲಿನ ಮಳಿಗೆಗಳು ಎದ್ದವು, ಮಳಿಗೆಯವರು ಅದರ ಮೇಲೆ ಬೀದಿ ಕಟ್ಟಿಕೊಂಡರು, ದುಡಿಯುವವರು ಕೆಳಗೆ ನೀರಿನ ಅಂಚಿಗೆ ಗುಡಿಸಲು ಹಾಕಿಕೊಂಡರು. ಆಮೇಲೆ ಎಲ್ಲೋ ದೂರದಲ್ಲಿ ಸೇತುವೆಯಾಯಿತು, ಲಾರಿಗಳು ಬಂದವು, ದೋಣಿಗಳು ನಿಂತವು. ಮಳಿಗೆಗಳಲ್ಲಿ ಈಗ ಸೌದೆ, ಮುರಿದ ಬೆಂಚು, ಬೆಕ್ಕಿನ ಮರಿ. ಊರಿಗೆ ಉಳಿದದ್ದು ಮಾತೊಂದೇ. ಆ ಮಾತಿನಲ್ಲೂ ಎಲ್ಲರ ಬಾಯಲ್ಲಿ ಇದ್ದದ್ದು ಒಂದೇ ಕಥೆ. ಹಿಂದೆ ಮಹಾಪೂರ ಬಂದಾಗ ಮೇಲಿನ ಬೀದಿಯವರು ಮಳಿಗೆಯ ಬಾಗಿಲು ತೆರೆದು ಕೆಳಗಿನವರನ್ನೆಲ್ಲ ಒಳಗೆ ಸೇರಿಸಿಕೊಂಡ ಕಥೆ. "ನಮ್ಮೂರು ಯಾರನ್ನೂ ಹೊರಗೆ ನಿಲ್ಲಿಸಿದ್ದಿಲ್ಲ" ಎನ್ನುವಾಗ ಔಷಧಿ ಅಂಗಡಿಯವನ ಎದೆಯೂ ಒಂದಿಷ್ಟು ಮುಂದೆ ಬರುತ್ತಿತ್ತು. ಅವನೋ, ತನ್ನ ಅಂಗಡಿಯ ಜಗುಲಿಯ ಮೇಲೆ ಗಿರಾಕಿಯಲ್ಲದವರನ್ನು ಕೂರಗೊಡದ ಮನುಷ್ಯ.

ಈ ಕಥೆಯನ್ನು ಪುಸ್ತಕ ಮಾಡಬೇಕೆಂದು ಪ್ರೆಸ್ಸಣ್ಣನಿಗೆ ಹೊಳೆಯಿತು.

ಪ್ರೆಸ್ಸಣ್ಣ ಎಂದರೆ ಮೇಲಿನ ಬೀದಿಯ ಕಟ್ಟಕಡೆಯ ಮನೆಯಲ್ಲಿ ಅಚ್ಚುಕೂಟ ಇಟ್ಟುಕೊಂಡವನು. ಮುಂದಿನ ಕೋಣೆಯಲ್ಲಿ ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ, ಗೋಡೆಯುದ್ದಕ್ಕೂ ಅಚ್ಚುಮೊಳೆಗಳ ಖಾನೆ, ಹಿಂದಿನ ಕೋಣೆಯಲ್ಲಿ ಸಂಸಾರ. ಮದುವೆಯ ಕರೆಯೋಲೆ, ಅಂಗಡಿ ಬಿಲ್ಲು, ಹರಾಜಿನ ಕರಪತ್ರ, ಯಾವುದಾದರೂ ಸರಿ. ಹೆಬ್ಬೆರಳಿನ ಮಸಿ ಹೋಗದಷ್ಟು ಕೆಲಸ ಇರುತ್ತಿತ್ತು, ಹೊಟ್ಟೆ ಬಟ್ಟೆಗೆ ಕೊರತೆ ಇರಲಿಲ್ಲ. ಮಕ್ಕಳಿಲ್ಲ. ನಡುವಯಸ್ಸು ದಾಟುತ್ತಿದ್ದಂತೆ, ಬೇರೆಯವರ ಮಾತನ್ನೇ ಅಚ್ಚು ಹಾಕುತ್ತ ಆಯುಸ್ಸು ಮುಗಿದುಹೋಗುತ್ತದಲ್ಲ ಎಂಬ ಸಣ್ಣ ಅಸಮಾಧಾನ ಅವನಿಗಿತ್ತು.

ಬೀದಿಗೆ ಮೊದಲು ಟೆಲಿಫೋನು ಬಂದದ್ದು ಅವನ ಮನೆಗೆ. ಹಾಗಾಗಿ ಇನ್ನೊಂದು ಕೆಲಸವೂ ಅವನ ಪಾಲಿಗೆ ಬಂತು. ಹೊಳೆಯ ಮೇಲ್ಭಾಗದಲ್ಲಿ ಒಂದು ಅಣೆ ಇತ್ತು. ಅದರ ಗೇಟು ಎತ್ತುವ ಮುಂಚೆ ಗೇಟಿನವನು ಪ್ರೆಸ್ಸಿಗೆ ಫೋನು ಮಾಡಬೇಕು. ಪ್ರೆಸ್ಸಿನ ಪಕ್ಕದಲ್ಲೇ ಕೆಳಗಿನ ದಡಕ್ಕಿಳಿಯುವ ಮೆಟ್ಟಿಲು, ಮೆಟ್ಟಿಲ ತಲೆಯಲ್ಲಿ ಕಂಬಕ್ಕೆ ತೂಗುಹಾಕಿದ ಒಂದು ರೈಲು ಕಂಬಿಯ ತುಂಡು. ಫೋನು ಬಂದ ಕೂಡಲೇ ಹೋಗಿ ಆ ಕಂಬಿ ಬಾರಿಸಿದರೆ ನೀರಿನಲ್ಲಿದ್ದವರು ಲಡಿ, ಹಂಡೆ ಎತ್ತಿಕೊಂಡು ಮೇಲೆ ಬರುತ್ತಾರೆ. ಇದಕ್ಕೆ ಸಂಬಳವಿಲ್ಲ, ಆದರೆ ಮರ್ಯಾದೆ ಇತ್ತು. ಬಣ್ಣಗಾರರ ಹೆಂಗಸರು ಅವನನ್ನು ಕಂಡರೆ ಬುಟ್ಟಿ ಇಳಿಸಿ ಮಾತಾಡಿಸುತ್ತಿದ್ದರು.

ಪುಸ್ತಕಕ್ಕಾಗಿ ಅವನು ಮನೆಮನೆ ಅಲೆದ. ಮಹಾಪೂರವನ್ನು ಕಣ್ಣಾರೆ ಕಂಡವರು ಉಳಿದಿದ್ದು ಒಬ್ಬಳೇ, ಕೆಳಗಿನ ದಡದ ನೀಲಜ್ಜಿ. ಎಳೆತನದಿಂದ ನೀಲಿಯ ಹಂಡೆಯಲ್ಲಿ ಕೈ ಆಡಿಸಿ ಮೊಣಕೈವರೆಗೆ ನೀಲಿ ಇಳಿದುಹೋಗಿದ್ದ ಮುದುಕಿ. ಅಷ್ಟು ವಯಸ್ಸಾದರೂ ದಿನಾ ನೀರಿಗಿಳಿಯುತ್ತಿದ್ದಳು. ಅವನು ಮೆಟ್ಟಿಲ ಮೇಲೆ ಕೂತು ಕೇಳಿದ, ಅವಳು ನೀರಿನಲ್ಲಿ ನಿಂತು ಲಡಿ ಹಿಂಡುತ್ತ ಹೇಳಿದಳು.

"ನಾನಾಗ ಇಷ್ಟುದ್ದ ಹುಡುಗಿ. ನಮ್ಮಪ್ಪ ಹೆಗಲ ಮೇಲೆ ಕೂರಿಸ್ಕೊಂಡು ಮಳಿಗೆ ಬಾಗಿಲಿಗೆ ಬಂದ. ಬಾಗಿಲು ಹಾಕಿತ್ತು. ಒಳಗೆ ಜನ ಓಡಾಡೋ ಸದ್ದು ಕೇಳ್ತಿತ್ತು. ಮೂಟೆಗಳನ್ನ ಅಟ್ಟಕ್ಕೆ ಸಾಗಿಸ್ತಿದ್ರು. ಮೊದಲು ಮೂಟೆ ಮೇಲೆ ಹೋಯ್ತು, ಆಮೇಲೆ ಬಾಗಿಲು ತೆಗೆದ್ರು. ಅಷ್ಟರಲ್ಲಿ ನಮ್ಮ ಚಿಕ್ಕವ್ವ ಇರಲಿಲ್ಲ."

"ಇರಲಿಲ್ಲ ಅಂದ್ರೆ?"

"ಇರಲಿಲ್ಲ ಅಂದ್ರೆ ಇರಲಿಲ್ಲ. ಹೊಳೆ ತಗೊಂಡೋಯ್ತು." ಅಜ್ಜಿ ಹಿಂಡಿದ ಲಡಿಯನ್ನು ಕಲ್ಲಿನ ಮೇಲೆ ಇಟ್ಟು ಇನ್ನೊಂದಕ್ಕೆ ಕೈ ಹಾಕಿದಳು. "ಆದ್ರೆ ಬಾಗಿಲು ತೆಗೆದ್ಮೇಲೆ ಚೆನ್ನಾಗಿ ನೋಡ್ಕೊಂಡ್ರಪ್ಪ. ಬೆಚ್ಚಗೆ ಹೊದಿಕೆ ಕೊಟ್ರು. ಅದನ್ನೂ ಬರಿ."

ಪ್ರೆಸ್ಸಣ್ಣ ಅದನ್ನು ಬರೆದ. ಹೊದಿಕೆಯನ್ನು ಬರೆದ, ಬಿಸಿ ಗಂಜಿಯನ್ನು ಬರೆದ, ಮಳಿಗೆಯ ದೀಪಗಳನ್ನು ಬರೆದ. ಹಾಕಿದ್ದ ಬಾಗಿಲನ್ನು ಬರೆಯಲಿಲ್ಲ. ಬರೆಯಬಾರದೆಂದೇನೂ ಹಟ ಹಿಡಿದಿರಲಿಲ್ಲ. ಒಂದು ಸಂಜೆ ಆ ವಾಕ್ಯವನ್ನು ಬರೆದು ನೋಡಿದ, ಅದು ಉಳಿದದ್ದನ್ನೆಲ್ಲ ಕಹಿ ಮಾಡಿತು, ಹೊಡೆದುಹಾಕಿದ. ಇಡೀ ಬೀದಿಯೇ ಓದುವ ಪುಸ್ತಕ, ಮಳಿಗೆಯವರ ಮೊಮ್ಮಕ್ಕಳು ಇನ್ನೂ ಎದುರುಮನೆಯಲ್ಲೇ ಇದ್ದಾರೆ, ಯಾಕೆ ಬೇಕು ಎಂದುಕೊಂಡ.

ಮೊದಲ ಅಧ್ಯಾಯಗಳು ಮುಗಿದಾಗ ಒಂದು ರಜೆಯ ದಿನ ಬೆಳಿಗ್ಗೆ ಅವನು ಕೆಲವರನ್ನು ಪ್ರೆಸ್ಸಿಗೆ ಕರೆದ. ನಿವೃತ್ತ ಹೆಡ್‌ಮಾಸ್ಟರು ಬಂದರು, ಔಷಧಿ ಅಂಗಡಿಯವನು ಬಂದ, ಇನ್ನೂ ಒಂದಿಬ್ಬರು ಹೊತ್ತು ಹೋಗದವರು ಬಂದರು. ಕಾಗದದ ರಿಮ್ಮುಗಳೇ ಪೀಠಗಳಾದವು. ಹೆಂಡತಿ ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋದಳು. ಆಕಾಶ ತೊಳೆದಿಟ್ಟ ಹಾಗಿತ್ತು. ಮೋಡದ ಚೂರೂ ಇರಲಿಲ್ಲ. ಕೆಳಗೆ ಬಣ್ಣಗಾರರಿಗೆ ರಜೆಯಿಲ್ಲ. ಅವತ್ತು ಹೊಳೆ ಅರಿಶಿನದ ಬಣ್ಣಕ್ಕಿತ್ತು.

ಓದುವಾಗ ತನ್ನ ದನಿ ಇಷ್ಟು ಚೆನ್ನಾಗಿದೆ ಎಂದು ಪ್ರೆಸ್ಸಣ್ಣನಿಗೆ ಅವತ್ತೇ ಗೊತ್ತಾದದ್ದು. ಹೆಡ್‌ಮಾಸ್ಟರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಮಹಾಪೂರದ ಅಧ್ಯಾಯಕ್ಕೆ ಬಂದ. ಹುಡುಗಿ ತಂದೆಯ ಹೆಗಲ ಮೇಲೆ ಕೂತಿದ್ದಾಳೆ, ನೀರು ಏರುತ್ತಿದೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋಗಿ ಎತ್ತಿದ. ಗೇಟಿನವನು.

"ಅಣ್ಣಾ, ಮೇಲೆ ಬೆಟ್ಟದ ಕಡೆ ಭಾರೀ ಮಳೆಯಂತೆ. ನೀರು ತಡೆಯೋಕಾಗ್ತಿಲ್ಲ. ಗೇಟು ಎತ್ತುತಾ ಇದೀನಿ. ಕೆಳಗಿನವರಿಗೆ ಹೇಳಿಬಿಡಿ."

"ಆಯ್ತಪ್ಪ, ಈಗಲೇ."

ಫೋನು ಇಟ್ಟ. ಹಿಂದೆ ತಿರುಗಿದರೆ ಎಲ್ಲರ ಮುಖವೂ ಅವನ ಕಡೆಗೇ ಇತ್ತು. "ಹುಡುಗಿಗೆ ಏನಾಯ್ತು? ಮುಂದೆ ಓದಪ್ಪ" ಎಂದರು ಹೆಡ್‌ಮಾಸ್ಟರು. ಅಣೆಯಿಂದ ಊರಿಗೆ ನೀರು ಬರಲು ಸಾಕಷ್ಟು ಹೊತ್ತು ಹಿಡಿಯುತ್ತದೆ, ಪ್ರತಿ ಸಲವೂ ಹಿಡಿದಿದೆ. ಈ ಪುಟ ಮುಗಿಸಿಬಿಡೋಣ ಎಂದುಕೊಂಡು ಕೂತ. ಪುಟ ಮುಗಿಯಿತು. ಹೆಡ್‌ಮಾಸ್ಟರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, "ಆ ಹೊದಿಕೆ ಹೊದಿಸೋ ಜಾಗ ಇದೆಯಲ್ಲ, ಅದನ್ನ ಇನ್ನೊಂದ್ಸಲ ಓದು" ಎಂದರು. ಜೀವಮಾನದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಇನ್ನೊಂದು ಸಲ ಓದಿದ. ಆಮೇಲೆ ಔಷಧಿ ಅಂಗಡಿಯವನು ತನ್ನ ಅಜ್ಜನ ಹೆಸರು ಎಲ್ಲಾದರೂ ಬರುತ್ತದೆಯೇ ಎಂದು ಕೇಳಿದ, ಅದರ ಮೇಲೆ ಚರ್ಚೆ ಹತ್ತಿತು. ಕಂಬಿ ಅವನ ತಲೆಯಿಂದ ಜಾರಿಯೇ ಹೋಯಿತು.

ಕೆಳಗಿನಿಂದ ಕೂಗು ಕೇಳಿದಾಗ ಅವನು ನಗುತ್ತಿದ್ದ.

ಹೊರಗೆ ಓಡಿದ. ಮೆಟ್ಟಿಲ ತಲೆಯಿಂದ ನೋಡಿದರೆ ಅರಿಶಿನದ ಹೊಳೆ ಇಲ್ಲ. ಕಂದು ನೀರು ಗೋಡೆಯ ಹಾಗೆ ಬಂದು, ಹಂಡೆಗಳನ್ನು ಒಲೆಯಿಂದ ಎತ್ತಿ ಉರುಳಿಸಿಕೊಂಡು ಹೋಗುತ್ತಿತ್ತು. ಒಣಹಾಕಿದ್ದ ಲಡಿಗಳು ಬಿದಿರ ಗಳುವಿನ ಸಮೇತ ತೇಲುತ್ತಿದ್ದವು. ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದು ಮೆಟ್ಟಿಲ ಕಡೆ ಕಾಲೆಳೆಯುತ್ತಿದ್ದರು. ಆಗ ಪ್ರೆಸ್ಸಣ್ಣ ಏನು ಮಾಡಿದ ಎಂದರೆ, ಕಂಬದ ಬುಡದಲ್ಲಿದ್ದ ಸುತ್ತಿಗೆ ಎತ್ತಿಕೊಂಡು ಕಂಬಿಯನ್ನು ಬಾರಿಸತೊಡಗಿದ. ನೀರು ಬಂದಾಗಿತ್ತು. ಆದರೂ ಬಾರಿಸಿದ, ಅಂಗೈ ಬೊಬ್ಬೆ ಬರುವವರೆಗೆ ಬಾರಿಸಿದ.

ಆ ಸದ್ದಿಗೆ ಬೀದಿಯೆಲ್ಲ ಓಡಿ ಬಂತು. ಹಗ್ಗ ಎಸೆದರು, ಏಣಿ ಇಳಿಸಿದರು. ಅದರಲ್ಲಿ ಮೇಲಿನ ಬೀದಿಯವರನ್ನು ಹೀಗಳೆಯುವ ಹಾಗಿಲ್ಲ, ಅವತ್ತು ಯಾರೂ ಬಾಗಿಲು ಹಾಕಲಿಲ್ಲ. ಒಂದು ಜೀವವೂ ಹೋಗಲಿಲ್ಲ. ಆದರೆ ಉರುಳಿ ಬಂದ ದೊಡ್ಡ ತಾಮ್ರದ ಹಂಡೆಯೊಂದು ನೀಲಜ್ಜಿಯನ್ನು ಕಲ್ಲಿಗೆ ಒತ್ತಿ ಹಿಡಿದುಬಿಟ್ಟಿತ್ತು. ಅವಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಮೆಟ್ಟಿಲು ಹತ್ತಿಸಿದಾಗ ಎಡಗಾಲು ತಿರುಗಬಾರದ ಕಡೆಗೆ ತಿರುಗಿತ್ತು. ಅಜ್ಜಿ ಕಿರುಚಲಿಲ್ಲ. ತನ್ನನ್ನು ಹೊತ್ತವರಲ್ಲಿ ಒಬ್ಬನಾಗಿದ್ದ ಪ್ರೆಸ್ಸಣ್ಣನ ಮುಖ ನೋಡಿ, "ಬಾರಿಸಿದ್ದು ಕೇಳಿಸ್ತಪ್ಪ" ಎಂದಳು.

ನೆರೆ ಇಳಿಯುವವರೆಗೆ ಬಣ್ಣಗಾರರಲ್ಲಿ ಅರ್ಧದಷ್ಟು ಸಂಸಾರಗಳು ಪ್ರೆಸ್ಸಿನಲ್ಲೇ ಉಳಿದವು. ಮೊಳೆಗಳ ಖಾನೆಯ ಕೆಳಗೆ ಮಕ್ಕಳು ಮಲಗಿದರು, ಯಂತ್ರದ ಮೇಲೆ ಒದ್ದೆ ಬಟ್ಟೆ ಹರಡಿದರು. ಬೀದಿಯಲ್ಲಿ ಪ್ರೆಸ್ಸಣ್ಣನದೇ ಮಾತು. "ಅವನು ಬಾರಿಸದೇ ಇದ್ದಿದ್ರೆ ಎಷ್ಟು ಹೆಣ ಎತ್ತಬೇಕಿತ್ತೋ" ಎಂದರು. ಒಬ್ಬ ಬಣ್ಣಗಾರ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಪ್ರೆಸ್ಸಣ್ಣನಿಗೆ ಕೈ ಕಿತ್ತುಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

ಹೆಂಡತಿ ಹೊರಗಿನವರೆಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತ, ತಲೆ ಎತ್ತದೆ ಕೇಳಿದಳು.

"ಫೋನು ಯಾವಾಗ ಬಂತು?"

"ಆಗಲೇ. ಕೂಗು ಕೇಳೋಕೆ ಸ್ವಲ್ಪ ಮುಂಚೆ."

"ನಾನು ಒಲೆ ಹಚ್ಚೋ ಮುಂಚೆ ಬಂತು. ನೀವು ಎದ್ದು ಓಡಿದಾಗ ಸಾರು ಕುದ್ದು ಇಳಿಸಿದ್ದೆ."

ಅವಳು ಉಜ್ಜಿದ ಪಾತ್ರೆಯನ್ನೇ ಮತ್ತೊಮ್ಮೆ ಉಜ್ಜಿದಳು.

ವಾರ ಕಳೆಯುವಷ್ಟರಲ್ಲಿ ವಿಚಾರಣೆಗೆ ಅಣೆಯ ಇಲಾಖೆಯ ಎಂಜಿನಿಯರು ಬಂದರು. ಶಾಲೆಯ ಹಾಲಿನಲ್ಲಿ ಬೆಂಚು ಹಾಕಿದರು. ಊರಿಗೆ ಊರೇ ಕೂತಿತು. ಗೇಟಿನವನು ಮುಂದೆ ನಿಂತಿದ್ದ. ತೆಳ್ಳಗೆ ಉದ್ದ, ಇಸ್ತ್ರಿ ಮಾಡಿದ ಸಮವಸ್ತ್ರ, ಕೈಯಲ್ಲಿ ಟೋಪಿ. ಎಂಜಿನಿಯರು ಕೇಳಿದರು, ಅವನು ಹೇಳಿದ. ಗೇಟು ಎತ್ತುವ ಮುಂಚೆ ಫೋನು ಮಾಡಿದೆ, ಪ್ರೆಸ್ಸಿನವರೇ ಎತ್ತಿದರು, ಈಗಲೇ ಎಂದರು.

ಹಾಲಿನಲ್ಲಿ ಗುಜುಗುಜು ಎದ್ದಿತು. "ಸಾರ್," ಎಂದು ಔಷಧಿ ಅಂಗಡಿಯವನು ಎದ್ದು ನಿಂತ. "ನಾವೆಲ್ಲ ಅಲ್ಲೇ ಕೂತಿದ್ವಿ. ಫೋನು ಬಂತು, ಸುಳ್ಳಲ್ಲ. ಆಮೇಲೆ ನೀರು ಬಂತು. ಮಧ್ಯೆ ಹೊತ್ತೇ ಇರಲಿಲ್ಲ." ಅವನು ಬೇಕೆಂದು ಸುಳ್ಳಾಡುತ್ತಿರಲಿಲ್ಲ. ತನ್ನ ಅಜ್ಜನ ಹೆಸರಿನ ಚರ್ಚೆ ಅವನಿಗೆ ಅಷ್ಟು ಬೇಗ ಮುಗಿದಿತ್ತು. ಹಿಂದಿನ ಬೆಂಚಿನಿಂದ ಯಾರೋ, "ಗೇಟಿನ ಹತ್ರ ಕೂತ್ರೆ ಹೊತ್ತು ಹೋಗ್ಬೇಕಲ್ಲ, ಒಂದಿಷ್ಟು ಏರಿಸಿರ್ತಾನೆ ಬಿಡಿ" ಎಂದರು. ಕೂತಿದ್ದವರೆಲ್ಲ ನಕ್ಕರು. ಗೇಟಿನವನು ಹೆಂಡವಿರಲಿ, ಕಾಫಿಯನ್ನೂ ಆರಿಸಿ ಆರಿಸಿ ಗುಟುಕರಿಸುವ ಮನುಷ್ಯ ಎಂಬುದು ಪ್ರೆಸ್ಸಣ್ಣನಿಗೆ ಗೊತ್ತಿತ್ತು.

ಎಂಜಿನಿಯರು ಪ್ರೆಸ್ಸಣ್ಣನ ಕಡೆ ತಿರುಗಿದರು. "ನೀವು ಹೇಳಿ."

ಪ್ರೆಸ್ಸಣ್ಣ ಎದ್ದ. ಹೇಳಿಬಿಡಬೇಕು ಎಂದುಕೊಂಡೇ ಎದ್ದದ್ದು. ಎದುರಿಗೆ ಹೆಡ್‌ಮಾಸ್ಟರು ಮೆಚ್ಚುಗೆಯಿಂದ ನೋಡುತ್ತಿದ್ದರು. ಬಣ್ಣಗಾರರೆಲ್ಲ ಒಂದು ಕಡೆ ಗುಂಪಾಗಿ ನಿಂತಿದ್ದರು, ಅವರ ಮುಖದಲ್ಲಿ ಅವನ ಬಗ್ಗೆ ಒಂದು ಚೂರು ಅನುಮಾನ ಇರಲಿಲ್ಲ.

"ಫೋನು ಬಂತು. ಬಂದ ಕೂಡಲೇ ಬಾರಿಸಿದೆ."

ಗೇಟಿನವನು ತಲೆ ತಿರುಗಿಸಿ ಅವನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಪ್ರೆಸ್ಸಣ್ಣ ತಡೆದುಕೊಳ್ಳುತ್ತಿದ್ದನೇನೋ. ದಾರಿಯಲ್ಲಿ ಪರಿಚಯದವರೆಂದು ಮಾತಾಡಿಸಿದ ಮೇಲೆ ಅವರು ಬೇರೆ ಯಾರೋ ಎಂದು ಗೊತ್ತಾದವನ ಪೆಚ್ಚು ಮುಖ ಅದು. ವಿಚಾರಣೆ ಮುಗಿಯುವವರೆಗೆ ಗೇಟಿನವನು ಕೆಲಸಕ್ಕೆ ಬರಬಾರದು ಎಂದು ಹೇಳಿ ಎಂಜಿನಿಯರು ಜೀಪು ಹತ್ತಿದರು.

ಅವತ್ತಿನಿಂದ ಪ್ರೆಸ್ಸಣ್ಣನಿಗೆ ಅನ್ನ ಸೇರಲಿಲ್ಲ. ಕಂಪೋಸಿಂಗ್ ಮಾಡಲು ಕೂತರೆ ಮೊಳೆಗಳು ತಲೆಕೆಳಗಾಗಿ ಬೀಳುತ್ತಿದ್ದವು. ಬೀದಿಗೆ ಇಳಿದರೆ ಯಾರಾದರೂ ಬೆನ್ನು ತಟ್ಟುತ್ತಾರೆಂಬ ಹೆದರಿಕೆಯಿಂದ ಹಿತ್ತಲ ದಾರಿ ಹಿಡಿದು ಓಡಾಡಿದ. ಆಸ್ಪತ್ರೆಯಿಂದ ನೀಲಜ್ಜಿಯನ್ನು ಕರೆದುಕೊಂಡು ಬಂದರೆಂದು ಸುದ್ದಿ ಬಂತು. ಮೂಳೆ ಕೂಡುತ್ತದೆ, ಆದರೆ ಇನ್ನು ನೀರಿಗಿಳಿಯುವ ಹಾಗಿಲ್ಲವಂತೆ. ಹೆಂಡತಿ ಹಣ್ಣು ತೆಗೆದುಕೊಂಡು ಹೋಗಿ ನೋಡಿ ಬಂದಳು. ಅವನು ಹೋಗಲಿಲ್ಲ. "ಅಜ್ಜಿ ನಿಮ್ಮನ್ನೇ ಕೇಳಿದ್ರು" ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳ ಈ ಕಡಿಮೆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಪ್ರೆಸ್ಸಿನ ಹೊಸ್ತಿಲಿಗೆ ಗೇಟಿನವನು ಬಂದು ನಿಂತ. ಸಮವಸ್ತ್ರವಿರಲಿಲ್ಲ. ಮಾಸಿದ ಅಂಗಿಯಲ್ಲಿ ಅವನು ಇನ್ನೂ ತೆಳ್ಳಗಾಗಿದ್ದ.

ಜಗಳಕ್ಕೆ ಬಂದ ಎಂದುಕೊಂಡ ಪ್ರೆಸ್ಸಣ್ಣ. ಬರಲಿ, ಕಪಾಳಕ್ಕೆ ಹೊಡೆದರೂ ಹೊಡೆಯಲಿ ಎಂದು ಒಳಗೊಳಗೇ ಆಸೆಪಟ್ಟ.

"ಬರಬಹುದಾ ಅಣ್ಣ?" ಎಂದು ಕೇಳಿ ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಕೂರು ಎಂದರೂ ಕೂರಲಿಲ್ಲ. "ಒಂದು ಮಾತು ಕೇಳಬೇಕಿತ್ತು. ಬೇಜಾರು ಮಾಡ್ಕೋಬೇಡಿ."

"ಕೇಳು."

"ಅವತ್ತು ನಾನು ಫೋನು ಮಾಡಿದ್ದು ಯಾವಾಗ? ಎಲ್ಲರೂ ಹೇಳಿ ಹೇಳಿ ನನಗೇ ತಲೆ ಕೆಟ್ಟುಹೋಗಿದೆ. ಮೊದಲು ಫೋನು ಮಾಡಿ ಆಮೇಲೆ ಗೇಟು ಎತ್ತಿದೆ ಅಂತಲೇ ನೆನಪು. ಆದ್ರೆ ನಿಮ್ಮಂಥವರು ಸುಮ್ನೆ ಹೇಳ್ತಾರಾ? ಮನೇಲೂ ಅದೇ ಅಂತಾರೆ. ಗಾಬರೀಲಿ ಮೊದಲು ಗೇಟು ಎತ್ತಿ, ಆಮೇಲೆ ಫೋನು ಮಾಡಿರಬೇಕು ನಾನು, ಅಲ್ವಾ? ಹಾಗಾಗಿದ್ರೆ ಆ ಅಜ್ಜಿ ಕಾಲು ನನ್ನಿಂದಲೇ ಹೋಯ್ತು. ಅದೊಂದು ಗೊತ್ತಾದ್ರೆ ಸಾಕು. ಹೋಗಿ ಕಾಲಿಗೆ ಬೀಳ್ತೀನಿ."

ಒಳಗಿನ ಕೋಣೆಯಲ್ಲಿ ಹೆಂಡತಿ ಕೆಲಸ ನಿಲ್ಲಿಸಿದ್ದು ಪ್ರೆಸ್ಸಣ್ಣನಿಗೆ ತಿಳಿಯಿತು. ಗೇಟಿನವನು ಉತ್ತರಕ್ಕಾಗಿ ಕಾದು ನಿಂತಿದ್ದ. ಕೆಲಸ ಹೋಗಿದ್ದು ಒಂದು ಕಡೆಗಿರಲಿ, ತನ್ನ ನೆನಪನ್ನೇ ನಂಬಲಾರದ ಸ್ಥಿತಿಗೆ ಆ ಮನುಷ್ಯ ಬಂದಿದ್ದ. ಕಳ್ಳತನ ಎಂದರೆ ಇದು, ಎಂದುಕೊಂಡ ಪ್ರೆಸ್ಸಣ್ಣ.

"ಇಲ್ಲ. ನೀನು ಸರಿಯಾಗೇ ಮಾಡಿದೆ."

"ಅಂದ್ರೆ?"

"ಮೊದಲೇ ಮಾಡಿದೆ. ತುಂಬ ಹೊತ್ತಿತ್ತು. ನಾನು... ಓದ್ತಾ ಕೂತಿದ್ದೆ. ಮರೆತೆ. ನೀರು ಬಂದ ಮೇಲೆ ಬಾರಿಸಿದೆ."

ಗೇಟಿನವನು ಕಾಗದದ ರಿಮ್ಮಿನ ಮೇಲೆ ಕುಸಿದು ಕೂತ. ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡ. ಕೊನೆಗೆ ಹೇಳಿದ್ದು ಇಷ್ಟೇ: "ಹಾಗಾದ್ರೆ ನನಗೆ ತಲೆ ಕೆಟ್ಟಿಲ್ಲ."

"ಇಲ್ಲಪ್ಪ. ನಾಳೆ ಬಸ್ಸಿಗೆ ಹೋಗೋಣ. ಎಂಜಿನಿಯರ ಹತ್ರ ಹೇಳ್ತೀನಿ."

"ಹೇಳ್ತೀರಾ?" ಎಂದ ಗೇಟಿನವನು. ನಂಬಿಕೆ ಇಲ್ಲದೆ ಕೇಳಿದ್ದು ಅದು. ಹಾಗೆ ಕೇಳುವ ಹಕ್ಕು ಅವನಿಗಿತ್ತು.

ಮರುದಿನ ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋದರು. ಪ್ರೆಸ್ಸಣ್ಣ ಟಿಕೆಟ್ ತೆಗೆಯಲು ಹೋದರೆ ಗೇಟಿನವನು ಅವನ ಕೈ ಸರಿಸಿ ತನ್ನದನ್ನು ತಾನೇ ತೆಗೆದುಕೊಂಡ. ಆಫೀಸಿನಲ್ಲಿ ಎಂಜಿನಿಯರು ಎಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿ, "ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದರು. ಪ್ರೆಸ್ಸಣ್ಣ ತಲೆ ತಗ್ಗಿಸಿದ. ಇನ್ನೂ ಏನಾದರೂ ಅನ್ನುತ್ತಾರೆಂದು ಕಾದ. ಅವರು ಬೇರೆ ಫೈಲು ಎಳೆದುಕೊಂಡರು. ಗೇಟಿನವನಿಗೆ ಕೆಲಸ ವಾಪಸ್ಸು ಸಿಕ್ಕಿತು. ಹಿಂದಿರುಗುವಾಗ ಅವನು ಬಸ್ಸಿನ ಬೇರೆ ಸೀಟಿನಲ್ಲಿ ಕೂತ.

ಊರಿಗೆ ಸುದ್ದಿ ಬರಲು ತಡವಾಗಲಿಲ್ಲ. ಬೀದಿ ತನ್ನ ಮೇಲೆ ಮುರಿದು ಬೀಳುತ್ತದೆ ಎಂದು ಪ್ರೆಸ್ಸಣ್ಣ ಮೈ ಹಿಡಿ ಮಾಡಿಕೊಂಡು ಕೂತಿದ್ದ. ಹಾಗೇನೂ ಆಗಲಿಲ್ಲ. ಹೆಡ್‌ಮಾಸ್ಟರು ಮನೆಗೇ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ತಗ್ಗಿದ ದನಿಯಲ್ಲಿ ಕೇಳಿದರು.

"ಏನಯ್ಯಾ ಇದು? ಯಾರು ಕೇಳಿದ್ರು ನಿನ್ನನ್ನ?"

"ಅವನ ಕೆಲಸ ಹೋಗಿತ್ತಲ್ಲ ಸಾರ್."

"ಇನ್ನೊಂದು ಕಡೆ ಹಾಕ್ತಿದ್ರು. ಸರ್ಕಾರದ ಕೆಲಸ, ಎಲ್ಲಿ ಹೋಗುತ್ತೆ? ಈಗ ನೋಡು, ನಾವೆಲ್ಲ ಅಲ್ಲಿ ಕೂತಿದ್ವಿ. ನಿನ್ನ ಜೊತೆ ನಮ್ಮ ಹೆಸರೂ ಬಂತು. ಕೆಳಗಿನವರು ನಮ್ಮ ಮುಖ ಹೇಗೆ ನೋಡ್ತಾರೆ? ಮರೆಯೋದು ಮನುಷ್ಯನ ಗುಣ. ಅದನ್ನ ಡಂಗುರ ಹೊಡೆಯೋದು ಮನೆಹಾಳು ಬುದ್ಧಿ."

ಮೇಲಿನ ಬೀದಿಯ ಸ್ವಭಾವ ಪ್ರೆಸ್ಸಣ್ಣನಿಗೆ ಚೆನ್ನಾಗಿ ಅರ್ಥವಾದದ್ದು ಅವತ್ತು. ಕಂಬಿ ಬಾರಿಸದೇ ಇದ್ದದ್ದನ್ನು ಅದು ಹೊಟ್ಟೆಗೆ ಹಾಕಿಕೊಂಡಿತು, ಹೇಳಿದ್ದನ್ನು ಹಾಕಿಕೊಳ್ಳಲಿಲ್ಲ. ಅಂಗಡಿ ಬಿಲ್ಲುಗಳು ಬರುವುದು ಕಡಿಮೆಯಾಯಿತು. ಫೋನಿನ ಕೆಲಸ ಔಷಧಿ ಅಂಗಡಿಯವನಿಗೆ ಹೋಯಿತು. ಊರಿನ ಚರಿತ್ರೆಯನ್ನು ಹೆಡ್‌ಮಾಸ್ಟರೇ ಬರೆಯುತ್ತಾರಂತೆ, ಪಕ್ಕದ ಊರಿನ ಪ್ರೆಸ್ಸಿನಲ್ಲಿ ಅಚ್ಚಾಗುತ್ತದಂತೆ ಎಂದು ಯಾರೋ ಬೇಕೆಂದೇ ಹೊಸ್ತಿಲಲ್ಲಿ ನಿಂತು ಹೇಳಿ ಹೋದರು. ಬಣ್ಣಗಾರರ ಹೆಂಗಸರು ಈಗಲೂ ಅವನನ್ನು ಕಂಡರೆ ದಾರಿ ಬಿಡುತ್ತಿದ್ದರು, ಬುಟ್ಟಿ ಮಾತ್ರ ಇಳಿಸುತ್ತಿರಲಿಲ್ಲ. ಇದೆಲ್ಲ ತನಗೆ ತಕ್ಕದ್ದೇ ಎನಿಸುತ್ತಿತ್ತು. ತಡೆಯಲಾರದೇ ಇದ್ದದ್ದು ಒಂದೇ, ನೀಲಜ್ಜಿಯ ಮನೆಗೆ ಇನ್ನೂ ಹೋಗಿಲ್ಲ ಎಂಬುದು. ಎಂಜಿನಿಯರ ಮುಂದೆ ನಿಂತ ಕಾಲುಗಳು ಆ ಮೆಟ್ಟಿಲು ಇಳಿಯಲು ಒಪ್ಪುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಗಿ ಹಾಕಿಕೊಂಡು ಹೊರಟವನನ್ನು ನೋಡಿ ಹೆಂಡತಿಗೆ ಗೊತ್ತಾಯಿತು.

"ನಾನೂ ಬರಲಾ?"

"ಬೇಡ."

ದಡದಲ್ಲಿ ಹೊಸ ಗುಡಿಸಲುಗಳ ತಡಿಕೆ ಇನ್ನೂ ಹಸಿರಾಗಿತ್ತು. ನೀಲಜ್ಜಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕಾಲಿಗೆ ಪಟ್ಟಿ. ಸೊಸೆ ಮೂಲೆಯಲ್ಲಿ ನೂಲು ಬಿಡಿಸುತ್ತಿದ್ದವಳು ಅವನನ್ನು ಕಂಡು ಎದ್ದು, ಮತ್ತೆ ಕೂತು ನೂಲಿಗೆ ಕೈ ಹಾಕಿದಳು.

"ಬಂದೆಯಾ," ಎಂದಳು ಅಜ್ಜಿ. "ಕೂತ್ಕೋ. ಎಲ್ಲ ಕೇಳಿದೀನಿ. ಮತ್ತೆ ಮೊದಲಿಂದ ಹೇಳ್ಬೇಡ."

ಅವನು ನೆಲದ ಮೇಲೆ ಕೂತ.

"ಒಂದು ಕೇಳ್ತೀನಿ. ಅವತ್ತು ಏನು ಓದ್ತಿದ್ದೆ?"

ಈ ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. "ನಿಮ್ಮದೇ ಅಜ್ಜಿ. ಮಹಾಪೂರದ್ದು. ನಿಮ್ಮನ್ನ ಮಳಿಗೆ ಒಳಗೆ ಕರಕೊಂಡಿದ್ದು."

ಸೊಸೆಯ ಕೈ ನೂಲಿನ ಮೇಲೆ ನಿಂತಿತು. "ಓದು" ಎಂದಳು ಅಜ್ಜಿ.

"ಹಾಳೆ ತಂದಿಲ್ಲ."

"ಬಾಯಲ್ಲಿ ಹೇಳು. ನಿಂದಲ್ವಾ, ಬರುತ್ತೆ."

ಬರುತ್ತಿತ್ತು. ಒಂದೊಂದು ಪದವೂ ಬರುತ್ತಿತ್ತು. ಅವತ್ತು ಹೆಡ್‌ಮಾಸ್ಟರ ಮುಂದೆ ತುಂಬಿ ಬಂದಿದ್ದ ದನಿ ಈಗ ಬರಲಿಲ್ಲ, ಬಾಯಿಪಾಠ ಒಪ್ಪಿಸುವ ಶಾಲೆಯ ಮಗುವಿನ ಹಾಗೆ ಹೇಳಿದ. ತಂದೆಯ ಹೆಗಲು, ಏರುವ ನೀರು, ದೀಪ, ತೆರೆದ ಬಾಗಿಲು, ಹೊದಿಕೆ. ಪ್ರತಿ ವಾಕ್ಯವೂ ನೆಲಕ್ಕೆ ಬಿದ್ದು ಅಲ್ಲೇ ಉಳಿದ ಹಾಗಾಯಿತು. ಮುಗಿದಾಗ ತಲೆ ಎತ್ತಲಾರದೆ ಕೂತ.

"ಚೆನ್ನಾಗಿದೆ," ಎಂದಳು ಅಜ್ಜಿ. "ಹಾಕಿದ್ದ ಬಾಗಿಲು ಎಲ್ಲಿ ಹೋಯ್ತು?"

"ಬಿಟ್ಟೆ."

"ನಮ್ಮ ಚಿಕ್ಕವ್ವ?"

"ಅದನ್ನೂ."

"ಯಾಕೆ?"

"ಊರಿಗೆ ಕೆಟ್ಟ ಹೆಸರು ಬರುತ್ತೆ ಅಂತ."

ಅಜ್ಜಿ ಅವನನ್ನೇ ನೋಡಿದಳು. ಬೈಯುವ ನೋಟವಲ್ಲ, ಸುಮ್ಮನೆ ತಿಳಿಯದೆ ಕೇಳುವವಳ ನೋಟ. "ಅಲ್ಲಪ್ಪ, ನಾವು ಊರಲ್ವಾ?"

ತಪ್ಪಾಯಿತು ಎನ್ನಲು ಬಂದಿದ್ದ ಪ್ರೆಸ್ಸಣ್ಣನಿಗೆ ಆ ಮಾತು ಈಗ ತೀರ ಚಿಕ್ಕದಾಗಿ ಕಂಡಿತು. ಹೇಳಿದರೆ ಅವಳು ಇರಲಿ ಬಿಡು ಎಂದುಬಿಟ್ಟಾಳು, ತಾನು ಅದನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿಬಿಟ್ಟೇನು ಎಂದು ಹೆದರಿ ಸುಮ್ಮನೆ ಕೂತ. ಅವಳೂ ಇರಲಿ ಬಿಡು ಎನ್ನಲಿಲ್ಲ. ಹೊರಗೆ ಹೆಂಗಸರು ಲಡಿ ಬಡಿಯುವ ಸದ್ದು ಕೇಳುತ್ತಿತ್ತು.

ಬಿಸಿಲು ಬಾಗಿಲಿನಿಂದ ಒಳಗೆ ಬಂದು ಮಂಚದ ಮೇಲೆ ಹತ್ತಿತು. ಅಜ್ಜಿ ನೀಲಿ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು, "ಬಂದಿದೀಯ, ಈ ಮಂಚನಾದ್ರೂ ಸ್ವಲ್ಪ ಆ ಕಡೆ ಸರಿಸು. ಇವಳೊಬ್ಬಳ ಕೈಲಿ ಆಗಲ್ಲ" ಎಂದಳು.

ಅವನು ಎದ್ದು ಕಾಲಿನ ಕಡೆ ಹಿಡಿದ, ಸೊಸೆ ತಲೆಯ ಕಡೆ ಹಿಡಿದಳು. ಎಷ್ಟೇ ನಿಧಾನವಾಗಿ ಎತ್ತಿದರೂ ಮಂಚ ಒಮ್ಮೆ ಅಲುಗಿತು. ಹಲಗೆಯ ಮೇಲೆ ಹೊತ್ತು ತಂದ ದಿನವೂ ಕಿರುಚದಿದ್ದ ಅಜ್ಜಿ ಹಲ್ಲು ಕಚ್ಚಿ, "ಅವ್ವಾ" ಎಂದಳು. "ನಿಧಾನ" ಎಂದಳು ಸೊಸೆ, ಅವನ ಮುಖ ನೋಡದೆ. ಅವನು ಉಸಿರು ಬಿಗಿಹಿಡಿದು, ನೆರಳಿರುವ ಕಡೆಗೆ, ಅಂಗುಲ ಅಂಗುಲವಾಗಿ ಹೆಜ್ಜೆ ಇಟ್ಟ.